ಕಾರ್ಡು ಹಿಡಿಸದ ಕ್ಯಾಬಿನೆಟ್ಟು

ಅಕ್ಕಾ,

ನಿನ್ನ ಸಿನಿಮಾ ಎಡಿಟಿಂಗಿಗೆಂದು ತಂದಿದ್ದ ಹೊಸ ಕಂಪ್ಯೂಟರಿನ ಬಿಡಿಭಾಗಗಳನ್ನು ಕದಿಯಲು ಬಂದ ಹದಿನೇಳು ಜನರನ್ನು ನಿನ್ನ ತಮ್ಮ ಒಬ್ಬನೇ ಸದೆಬಡಿದಿದ್ದಾನೆ. ಎಲ್ಲರ ಹಲ್ಲೂ ಉದುರಿದವು. ಒಬ್ಬನನ್ನು ಕಿಟಕಿಯಿಂದ ಎಸೆದೆ, ಇನ್ನೂ ನೆಲ ಮುಟ್ಟಿರಲಿಕ್ಕಿಲ್ಲ.

ಚಪ್ಪಲಿ ಹಾಕಿಕೊಂಡೇ ಕೋಣೆಗೆ ಹೋಗು, ನೆಲದ ತುಂಬ ಗಾಜಿದೆ. ಬಾಗಿಲ ಬಳಿ ಇರುವ ರಕ್ತ ಕಳ್ಳರದ್ದು, ಗಾಬರಿಯಾಗಬೇಡ. ಪ್ರೊಸೆಸರ್, ರ‍್ಯಾಮ್ ಮಂಚದ ಮೇಲಿವೆ. ಗ್ರಾಫಿಕ್ಸ್ ಕಾರ್ಡಿಗೆ ಒಂದು ಗೀರೂ ಬಿದ್ದಿಲ್ಲ. ಪವರ್ ಸಪ್ಲೈನ ಕಬ್ಬಿಣದ ಡಬ್ಬಿ ಮಾತ್ರ ಒಂದು ಮೂಲೆಯಲ್ಲಿ ನಜ್ಜುಗುಜ್ಜಾಗಿದೆ, ಅದಕ್ಕೆ ಕರೆಂಟ್ ಕೊಡಲೇಬೇಡ.

ಇಷ್ಟು ಬರೆಯುವಷ್ಟರಲ್ಲಿ ಭಾವ ತಲೆಗೆ ಟವೆಲ್ ಒತ್ತಿಕೊಂಡು ಬಂದು ನನ್ನ ಹೆಗಲ ಮೇಲಿಂದ ಓದಿಬಿಟ್ಟರು. “ಹದಿನೇಳು ಜನಾನಾ? ಅದ್ರಲ್ಲಿ ನಾನು ಎಷ್ಟನೇ ಕಳ್ಳನಪ್ಪಾ? ನಿಜ ಬರಿಯೋ, ಆಮೇಲೇ ಆಸ್ಪತ್ರೆಗೆ ಹೋಗೋಣ. ಬೇಗ, ರಕ್ತ ಸುರೀತಿದೆ!”

ನಿಜ ಇಷ್ಟು. ಬಿಡಿಭಾಗಗಳನ್ನೆಲ್ಲ ಕೂರಿಸುವ ಪೆಟ್ಟಿಗೆಗೆಂದು, ಗಾಜಿನ ಚೆಂದಕ್ಕೆ ಮರುಳಾಗಿ ಆ ಪುಟ್ಟ ಕ್ಯಾಬಿನೆಟ್ ಆರಿಸಿದವನು ನಾನು. ಕಾರ್ಡು ಅದಕ್ಕಿಂತ ಎರಡು ಬೆರಳಷ್ಟು ಉದ್ದವಾಯಿತು. ಒಳಗಿನ ತಗಡನ್ನು ಸುತ್ತಿಗೆಯಿಂದ ಬಡಿದು ಜಾಗ ಮಾಡಲು ಹೋದೆ, ಗಾಜು ಪುಡಿಯಾಯಿತು. “ಅಳತೆ ತಗೊಳ್ಳೋ ಅಂತ ಬಡ್ಕೊಂಡೆನಲ್ಲೋ ಬೃಹಸ್ಪತಿ!” ಎಂದು ಭಾವ ನಕ್ಕರು. ಕೈಗೆ ಸಿಕ್ಕಿದ ಪವರ್ ಸಪ್ಲೈ ಎತ್ತಿ ಅವರ ತಲೆಗೇ ಬೀಸಿದೆ.

ಅವರು ಕೈ ಅಡ್ಡ ಹಿಡಿಯಲಿಲ್ಲ ಅಕ್ಕಾ. ನನ್ನ ಸುತ್ತಿಗೆಗೆ ಸಿಕ್ಕೀತೆಂದು, ನಿನ್ನ ಶೂಟಿಂಗೆಲ್ಲ ಇರುವ ಹಾರ್ಡ್ ಡಿಸ್ಕನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತಿದ್ದರು.