ಎಂಟನೇ ತರಗತಿಯಲ್ಲಿ ಕೂತಿರುವ ಕಪ್ಪು ಗೌನುಗಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆಂದು ಊರವರೇ ಕಟ್ಟಿಸಿದ ಕೊಠಡಿಯಲ್ಲಿ ಈಗ ತಾವು ಕಳಿಸಿದ ಕಪ್ಪು ಗೌನುಗಳು ವಾಸವಾಗಿವೆ. ಮಕ್ಕಳು ಹೊರಗಿದ್ದಾರೆ. ನನ್ನ ದೂರು ಇಷ್ಟೇ. ಇಷ್ಟನ್ನೇ ಬರೆದು ಸಹಿ ಹಾಕಿದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ ಎಂಬುದು ಅನುಭವದಿಂದ ತಿಳಿದಿರುವುದರಿಂದಲೂ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷನಾದ ನನಗೆ ಕುರ್ಚಿ ಜೋಡಿಸುವುದನ್ನು ಬಿಟ್ಟರೆ ಬೇರೆ ಅಧಿಕಾರ ಇಲ್ಲದಿರುವುದರಿಂದಲೂ, ಸ್ವಲ್ಪ ಉದ್ದವಾಗಿ, ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ತಮಗೆ ಓದಲು ಬಿಡುವಾಗದಿದ್ದರೆ ತಮ್ಮ ಮನೆಯವರಾದರೂ ಓದಿ ಹೇಳಲಿ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನ ಶಾಲೆಗಳ ಮೇಲೆ ಕಣ್ಣಿಟ್ಟಿರುವ ತಮ್ಮ ಕಚೇರಿಯಿಂದ ಮಾರ್ಚ್ ತಿಂಗಳಲ್ಲಿ ಒಂದು ಸುತ್ತೋಲೆ ಬಂತು. ಏಳನೇ ತರಗತಿ ಮುಗಿಸಿದ ಮಕ್ಕಳಿಗೆಲ್ಲ ಗೌನು ತೊಡಿಸಿ, ಚಚ್ಚೌಕದ ಟೋಪಿ ಇಟ್ಟು, ಪದವಿ ಪ್ರದಾನ ಮಾಡತಕ್ಕದ್ದು. ಪ್ರತಿ ಮಗುವೂ ಕಳೆದ ವರ್ಷದ ಬಗ್ಗೆ ವೇದಿಕೆಯ ಮೇಲೆ ಆತ್ಮಾವಲೋಕನ ಮಾಡಿಕೊಳ್ಳತಕ್ಕದ್ದು. ಅದನ್ನು ವಿಡಿಯೊ ಮಾಡಿ ಕಳಿಸತಕ್ಕದ್ದು. ಖಾಸಗಿ ಶಾಲೆಗಳಲ್ಲಿ ಯು.ಕೆ.ಜಿ. ಮುಗಿಸಿದ ಕೂಸುಗಳಿಗೇ ಗೌನು ಹಾಕುತ್ತಾರೆ, ನಮ್ಮ ಮಕ್ಕಳು ಯಾರಿಗೇನು ಕಡಿಮೆ ಎಂದು ತಾವು ಅದರಲ್ಲಿ ಕೇಳಿದ್ದಿರಿ. ಅಭಿಮಾನದ ಪ್ರಶ್ನೆ. ಅದರ ಬದಲು ನಮ್ಮ ಮಕ್ಕಳಿಗೆ ಏನು ಕಡಿಮೆಯಾಗಿದೆ ಎಂದು ಕೇಳಿದ್ದರೆ ನಮ್ಮ ಮುಖ್ಯ ಶಿಕ್ಷಕಿ ಇಂದಿರ ಮೇಡಂ ಎರಡೇ ಪದದಲ್ಲಿ ಉತ್ತರ ಬರೆದು ಕಳಿಸುತ್ತಿದ್ದರು: ಎಂಟನೇ ತರಗತಿ.

ಗೌನುಗಳು ಬಂದದ್ದು ಹಾಲಿನ ಗಾಡಿಯಲ್ಲಿ. ಒಂದೇ ಗಂಟನ್ನು ಸುತ್ತಲ ಊರುಗಳೆಲ್ಲ ಸರದಿಯಲ್ಲಿ ಬಳಸಬೇಕೆಂದು ತಾವೇ ಅಪ್ಪಣೆ ಕೊಡಿಸಿದ್ದಿರಿ. ಊರಿಂದೂರಿಗೆ ತಪ್ಪದೆ ಹೋಗುವ ವಾಹನ ಈ ಭಾಗದಲ್ಲಿ ಅದೊಂದೇ. ಹೀಗಾಗಿ ಕ್ಯಾನುಗಳ ನಡುವೆ ಕೂತು ಬಂದ ವಿದ್ವತ್ತಿನ ಉಡುಪು ನಮ್ಮೂರು ತಲುಪುವಷ್ಟರಲ್ಲಿ ಒಡೆದ ಹಾಲಿನ ವಾಸನೆ ಹೊಡೆಯುತ್ತಿತ್ತು. ಯಾವುದೋ ಕಾಲೇಜಿನ ಅಳತೆಗೆ ಹೊಲಿಸಿದ ಗೌನು; ನಮ್ಮ ಮಕ್ಕಳು ತೊಟ್ಟಾಗ ಪಾದ ಕಾಣಲಿಲ್ಲ. ಇಂದಿರ ಮೇಡಂ ಬೆಳಗ್ಗೆಯೆಲ್ಲ ಪಿನ್ನು ಚುಚ್ಚಿದರು. ಏಪ್ರಿಲ್ ಬಿಸಿಲು, ಮೇಲೆ ತಗಡಿನ ಶೀಟು, ಕೆಳಗೆ ನೈಲಾನು ಗೌನಿನೊಳಗೆ ಬೇಯುತ್ತಿದ್ದ ಮಕ್ಕಳು, ಎದುರಿಗೆ ಫ್ಯಾನಿನ ಕೆಳಗೆ ತಾವು. ಸಮಾರಂಭ ಕಳೆಗಟ್ಟಿತ್ತು.

ಇಲ್ಲಿ ಚಿಕ್ಕಬೋರಮ್ಮನವರನ್ನು ತಮಗೆ ಪರಿಚಯಿಸಬೇಕು. ನನ್ನ ಪಕ್ಕದ ಮನೆಯವರು. ಅವರ ಮಗ ಚಲುವರಾಜು ಗದ್ದೆ, ಕಬ್ಬು, ಎರಡು ಸೀಮೆಹಸು ನೋಡಿಕೊಂಡಿದ್ದಾನೆ. ಅವನ ಮಗಳು ಚಿನ್ನು ಅವತ್ತು ಗೌನು ತೊಟ್ಟವರಲ್ಲಿ ಒಬ್ಬಳು. ಮೊಮ್ಮಗಳನ್ನು ಆ ವೇಷದಲ್ಲಿ ಕಂಡ ಕೂಡಲೇ ಚಿಕ್ಕಬೋರಮ್ಮ ನನ್ನ ತೋಳು ಹಿಡಿದೆಳೆದರು.

“ಇದೇನ್ಲಾ ಶಿವಶಂಕರ, ಒಳ್ಳೇ ದಿನ್ದಲ್ಲಿ ಐಕ್ಳಿಗೆ ಕರೀ ಬಟ್ಟೆ ಇಕ್ಬುಟ್ಟವ್ರೆ? ಸರ್ಕಾರಕ್ಕೆ ಬ್ಯಾರೆ ಬಣ್ಣನೇ ಸಿಗ್ನಿಲ್ವಾ?”

“ಓದು ಮುಗಿಸ್ದೋರು ಆಕ್ಕೊಳೋದು ಕಣವ್ವ,” ಎಂದೆ.

“ಓ, ನಮ್ ರಮ್ಯ ಇಕ್ಕೊಂಡಿದ್ಲಲ್ಲ, ಆ ಟೋಪಿನಾ? ಅಂಗನ್ನು ಮತ್ತೆ.” ಅವರ ಮುಖ ಅರಳಿತು. ಸೆರಗಿನಿಂದ ಮೊಮ್ಮಗಳ ಹಣೆ ಒರೆಸಿ, ದೃಷ್ಟಿ ನಿವಾಳಿಸಿ ನೆಟಿಕೆ ಮುರಿದರು.

ರಮ್ಯ ಅವರ ಮಗಳು, ಚಿನ್ನುವಿಗೆ ಸೋದರತ್ತೆ. ಕೆ.ಆರ್. ಪೇಟೆಯಲ್ಲಿ ಬಿ.ಕಾಂ. ಮಾಡಿದವಳು. ಅವಳು ಗೌನು ತೊಟ್ಟು ನಿಂತ ಫೋಟೊ ಆ ಮನೆಯ ನಡುಮನೆಯಲ್ಲಿ, ದೇವರ ಪಟದಿಂದ ಒಂದು ಗೇಣು ಕೆಳಗೆ ನೇತಾಡುತ್ತಿದೆ. ಆ ಫೋಟೊ ತೆಗೆಸಿದ ಮೇಲೆ ರಮ್ಯ ಪುಸ್ತಕ ಮುಟ್ಟಲಿಲ್ಲ; ಮುಟ್ಟುವ ಅಗತ್ಯವೂ ಇರಲಿಲ್ಲ, ಓದು ನಿಜಕ್ಕೂ ಮುಗಿದಿತ್ತು. ಇಷ್ಟು ಮಾತ್ರ ನೆನಪಿನಲ್ಲಿಡಿ, ಮಾನ್ಯರೇ: ಆ ಮನೆಯಲ್ಲಿ ಆ ಟೋಪಿ ಒಮ್ಮೆ ಮಾತ್ರ ಬರುತ್ತದೆ, ಕೊನೆಯಲ್ಲಿ ಬರುತ್ತದೆ.

ಸಮಾರಂಭಕ್ಕೆ ಮರಳೋಣ. ಆತ್ಮಾವಲೋಕನದ ಮಾತುಗಳೂ ತಮ್ಮ ಕಚೇರಿಯಿಂದಲೇ ಅಚ್ಚಾಗಿ ಬಂದಿದ್ದವು. ಮಕ್ಕಳಿಗೆ ಆತ್ಮ ಮಾತ್ರ ಸ್ವಂತದ್ದು. ‘ಈ ವರ್ಷ ನಾನು ಸವಾಲುಗಳನ್ನು ಅವಕಾಶಗಳನ್ನಾಗಿ ಪರಿವರ್ತಿಸಿಕೊಂಡೆ’ ಎಂದು ಒಬ್ಬರಾದ ಮೇಲೊಬ್ಬರು ಒದರಿ ಇಳಿದರು. ಚಿನ್ನುವಿನ ಸರದಿ ಬಂದಾಗ ಅವಳೂ ಅದನ್ನೇ ಒದರಿದಳು. ಆಮೇಲೆ ಇಳಿಯಲಿಲ್ಲ. ಹುಬ್ಬಿಗೆ ಜಾರಿದ್ದ ಟೋಪಿಯನ್ನು ಮೇಲೆತ್ತಿಕೊಂಡು ತಮ್ಮ ಕಡೆ ತಿರುಗಿ ಕೇಳಿದಳು: “ಸಾರ್, ಶಾಲೆ ಶುರುವಾದ್ಮೇಲೆ ನಾನು ಎಲ್ಲಿ ಕೂತ್ಕೊಬೇಕು?”

ತಾವು ನಕ್ಕಿರಿ. “ಬಹಳ ಚೂಟಿ ಹುಡುಗಿ,” ಎಂದು ಚಪ್ಪಾಳೆ ತಟ್ಟಿದಿರಿ. ದೊಡ್ಡವರು ತಟ್ಟಿದರೆಂದು ಎಲ್ಲರೂ ತಟ್ಟಿದೆವು. ಪ್ರಶ್ನೆ ಆ ಸದ್ದಿನಲ್ಲಿ ಎತ್ತಲೋ ಹೋಯಿತು. ತಮ್ಮ ಕಚೇರಿ ಹಂಚಿಕೊಂಡ ವಿಡಿಯೊ ನೋಡಿದೆ. ಅದರಲ್ಲಿ ಸವಾಲು ಅವಕಾಶವಾಗುವವರೆಗೆ ಚಿನ್ನು ಇದ್ದಾಳೆ. ಆಮೇಲೆ ನೇರವಾಗಿ ಚಪ್ಪಾಳೆ ಇದೆ. ನಡುವಿನದಕ್ಕೆ ಕತ್ತರಿ ಬಿದ್ದಿದೆ. ಕತ್ತರಿ ಇಷ್ಟು ಚೆನ್ನಾಗಿ ಆಡಿಸುವವರು ಗೌನಿನ ಉದ್ದಕ್ಕಾದರೂ ಅದನ್ನು ಬಳಸಬಾರದಿತ್ತೇ?

ಬಳಿಕ ತಮ್ಮ ಭಾಷಣ. ಈ ಸಾಲಿನ ಆಯವ್ಯಯದಲ್ಲಿ ಶಿಕ್ಷಣಕ್ಕೆ ಹಿಂದೆಂದೂ ಕಾಣದ ಆದ್ಯತೆ ಸಿಕ್ಕಿದೆ ಎಂಬ ಸಿಹಿಸುದ್ದಿ ಕೊಟ್ಟಿರಿ. ಹಾಗಿದ್ದರೆ ಎಂಟನೇ ತರಗತಿ ಎಂದು ನಾನು ಬಾಯಿ ತೆಗೆದೆ. ತಾವು ತಾಳ್ಮೆಯಿಂದ ತಿಳಿಸಿಕೊಟ್ಟಿರಿ: ಗೌನು ‘ಸಂಭ್ರಮ’ದ ಲೆಕ್ಕದಲ್ಲಿ ಬರುತ್ತದೆ, ತರಗತಿ ‘ಉನ್ನತೀಕರಣ’ದ ಲೆಕ್ಕದಲ್ಲಿ; ಅದರದ್ದು ಇದಕ್ಕೆ ಬಳಸುವಂತಿಲ್ಲ; ಉನ್ನತೀಕರಣಕ್ಕೆ ಈ ಸಲ ಏನೂ ಉಳಿದಿಲ್ಲ. ನಮ್ಮ ಮನೆಗಳಲ್ಲೂ ಹಬ್ಬದ ದುಡ್ಡು ಬೇರೆ, ಗೊಬ್ಬರದ ದುಡ್ಡು ಬೇರೆ ಇಟ್ಟಿರುತ್ತೇವೆ, ಸ್ವಾಮಿ. ಆದರೆ ಮಗುವಿಗೆ ಜ್ವರ ಬಂದ ದಿನ ಹಬ್ಬದ ದುಡ್ಡಿನಲ್ಲೇ ಮಾತ್ರೆ ತರುತ್ತೇವೆ. ಮಾತ್ರೆಯ ಲೆಕ್ಕದಲ್ಲಿ ಹಣವಿಲ್ಲವೆಂದು ಜ್ವರದ ಮಗುವಿಗೆ ಹೊಸ ಲಂಗ ಹೊಲಿಸುವ ಬುದ್ಧಿ ನಮಗಿನ್ನೂ ಬಂದಿಲ್ಲ.

ಎಂಟನೇ ತರಗತಿಗೆ ಬೇಕಾದ್ದಾದರೂ ಏನು? ಒಂದು ಆದೇಶ, ಒಬ್ಬರು ಮೇಷ್ಟ್ರು. ಕೊಠಡಿ ಇದೆಯಲ್ಲ. ಎರಡು ಬೇಸಿಗೆಯ ಹಿಂದೆ ಇದೇ ತಾವು ನಮ್ಮ ಶಾಲೆಯ ಬೇವಿನ ಮರದ ಕೆಳಗೆ ಎಳನೀರು ಕುಡಿಯುತ್ತ, “ಕೊಠಡಿ ತೋರಿಸಿ, ತರಗತಿ ಕೊಡುತ್ತೇನೆ,” ಎಂದಿರಿ. ನಂಬಿದೆವು. ಡೇರಿಗೆ ಹಾಲು ಹಾಕುವವರೆಲ್ಲ ಆ ವರ್ಷದ ಬೋನಸ್ಸು ಮನೆಗೊಯ್ಯದೆ ಕೊಠಡಿ ಕಟ್ಟಲು ಬಿಟ್ಟುಕೊಟ್ಟರು. ಚಲುವರಾಜುವಿನ ಟ್ರಾಕ್ಟರು ಜಲ್ಲಿ ಹೊಡೆಯಿತು. ಗೋಡೆ ಬಿರುಕು ಬಿಡದಂತೆ ದಿನವೂ ಬೆಳಗ್ಗೆ ಸಂಜೆ ಕೊಡ ಹೊತ್ತು ನೀರುಣಿಸಿದವರು ಯಾರು ಗೊತ್ತೇ? ಚಿಕ್ಕಬೋರಮ್ಮ. ಅಲ್ಲಿ ಮೊಮ್ಮಗಳು ಕೂರುತ್ತಾಳೆಂದು.

ಈಗ ಅಲ್ಲಿ ಕೂತಿರುವುದು ಯಾರು? ಸರದಿಯೆಲ್ಲ ಮುಗಿದ ಮೇಲೆ ಗೌನಿನ ಗಂಟು ತಮ್ಮ ಹೊಸ ಅಪ್ಪಣೆಯೊಂದಿಗೆ ಹಾಲಿನ ಗಾಡಿಯಲ್ಲೇ ವಾಪಸ್ಸು ಬಂತು. ನಮ್ಮ ಶಾಲೆಯಲ್ಲಿ ‘ಬಳಕೆಯಾಗದ ಕೊಠಡಿ’ ಇರುವುದರಿಂದ ಅಲ್ಲೇ ಇಡತಕ್ಕದ್ದು, ಆಗಾಗ ಬಿಸಿಲಿಗೆ ಹಾಕತಕ್ಕದ್ದು, ನುಸಿಗುಳಿಗೆ ಇಡತಕ್ಕದ್ದು, ಹೊಣೆ ಸಮಿತಿಯ ಅಧ್ಯಕ್ಷರದ್ದು. ಇಟ್ಟಿದ್ದೇನೆ. ಬೆಂಚಿನ ಮೇಲೆ ಸಾಲಾಗಿ ಕೂರಿಸಿದ್ದೇನೆ. ಎಂಥ ವಿದ್ಯಾರ್ಥಿಗಳು ಅಂತೀರಿ. ತಪ್ಪದ ಹಾಜರಿ, ಗಲಾಟೆಯಿಲ್ಲ, ಬಿಸಿಯೂಟ ಕೇಳುವುದಿಲ್ಲ, ಮೇಷ್ಟ್ರೂ ಬೇಡ. ತಮ್ಮ ಇಲಾಖೆ ಬಹುಕಾಲದಿಂದ ಹುಡುಕುತ್ತಿದ್ದ ಮಕ್ಕಳು ಇವೇ ಇರಬೇಕು.

ಇನ್ನು ಚಿನ್ನುವಿನ ವಿಷಯ. ಹೋದ ವಾರ ಹೈಸ್ಕೂಲಿಗೆ ಸೇರಿಸುವ ಮಾತಾಡಲು ಅವರ ಮನೆಗೆ ಹೋದೆ. ರಮ್ಯಳ ಫೋಟೊದ ಪಕ್ಕ ಹೊಸ ಮೊಳೆ, ಹೊಸ ಫೋಟೊ. ಗೌನು ತೊಟ್ಟ ಚಿನ್ನು. ಅವಳ ಕೈಗೆ ರಿಬ್ಬನ್ನು ಕಟ್ಟಿದ ಸುರುಳಿ ಕೊಡುತ್ತ, ಕ್ಯಾಮೆರಾ ನೋಡಿ ನಗುತ್ತಿರುವ ತಾವು.

“ಇನ್ಯಾತರ ಓದ್ಲಾ?” ಎಂದರು ಚಿಕ್ಕಬೋರಮ್ಮ. “ದೊಡ್ ಸಾಯೇಬ್ರೇ ಬಂದು ಟೋಪಿ ಇಕ್ಕಿ, ಚಪ್ಪಾಳೆ ಒಡ್ದು ಕಳಿಸವ್ರೆ. ರಮ್ಯಂಗಾದ್ರೂ ಸಾಯೇಬ್ರು ಬಂದಿರ್ನಿಲ್ಲ. ಬಟ್ಟೆ ಒಲಿಯೋದು ಕಲೀಲಿ ಬುಡು.”

ಕಾಯ್ದೆಯ ಪ್ರಕಾರ ಎಂಟನೆಯ ತನಕ ಓದು ಕಡ್ಡಾಯ ಕಣವ್ವ ಎಂದು ತಿಳಿಹೇಳಲು ನೋಡಿದೆ. ಅವರು ನನ್ನನ್ನೂ ಗೋಡೆಯ ಫೋಟೊವನ್ನೂ ಒಮ್ಮೆ ನೋಡಿದರು.

“ಎಂಟು ಓದ್ಬೇಕಿದ್ರೆ ಏಳಕ್ಕೇ ಯಾಕ್ಲಾ ಟೋಪಿ ಇಕ್ಕುದ್ರು? ನೀನ್ ಏಳೋದ್ ನಿಜ್ವಾ, ಅವ್ರ್ ಮಾಡಿದ್ ನಿಜ್ವಾ?”

ಹೇಳಿ, ಮಾನ್ಯರೇ. ಯಾವುದು ನಿಜ?

ಚಲುವರಾಜು ಹಸುವಿಗೆ ಹುಲ್ಲು ಹಾಕುತ್ತಿದ್ದವನು ಅಲ್ಲಿಂದಲೇ ಹೇಳಿದ: “ಅವ್ವನ್ ಮಾತು ಅತ್ಲಾಗಿರ್ಲಿ ಕಣಣ್ಣ. ಐಸ್ಕೂಲಿಗೆ ನಾಲೆ ಏರಿ ಮೇಲೆ ಒಂದೂವರೆ ಗಂಟೆ ನಡೀಬೇಕು. ಎರಡೂ ಕಡೆ ಕಬ್ಬು ಆಳುದ್ದ ನಿಂತೈತೆ. ಬಸ್ಸು ಬರೋದು ಅಲ್ಲಿ ಬೆಲ್ ಒಡುದ್ ಮೇಲೆ. ಒಂದ್ ಎಣ್ ಮಗೀನ ಎಂಗ್ ಕಳಿಸ್ಲಿ? ಕಳ್ಸೋ ಅಂದ್ರೆ ನೀನೇ ದಿನಾ ಕರ್ಕೊಂಡೋಗಿ ಬತ್ತೀಯಾ?” ಅದೇ ಹಾದಿಯಲ್ಲಿ ಹೋದ ವರ್ಷ ಹೊರಟ ಇಬ್ಬರು ಹೆಣ್ಣುಮಕ್ಕಳು ದಸರಾ ರಜೆಯ ಮೇಲೆ ಮತ್ತೆ ಹೋಗಲೇ ಇಲ್ಲ.

“ನಾನೇನು ಓದು ಬ್ಯಾಡ ಅಂದ್ನಾ?” ಚಿಕ್ಕಬೋರಮ್ಮನ ದನಿ ಇಳಿಯಿತು. “ಆ ಇಸ್ಕೂಲ್ ಗೋಡೆಗೆ ನೀರಾಕಿದೋಳು ನಾನೇ ಕಣ್ಲಾ. ಇಲ್ಲೇ ಕ್ಲಾಸು ಮಾಡ್ತಾರೆ ಅಂದ್ರೆ ನಾಳೀಕೇ ಕಳಿಸ್ತೀನಿ.”

ಅಷ್ಟು ಹೊತ್ತೂ ಚಿನ್ನು ಬಚ್ಚಲ ಬಳಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನಾನು ಹೊರಟಾಗ ಕೈ ಒರೆಸಿಕೊಂಡು ಬಾಗಿಲವರೆಗೆ ಬಂದಳು. “ದೊಡ್ಡಪ್ಪ, ಆ ಫೋಟೊ ವಾಪಸ್ ಕೊಟ್ಬುಟ್ರೆ ಕ್ಲಾಸು ಕೊಡ್ತಾರಾ?”

ವೇದಿಕೆಯ ಮೇಲೆ ಕೇಳಿದ್ದಕ್ಕೆ ತಾವು ಚಪ್ಪಾಳೆ ತಟ್ಟಿದಿರಿ. ಇದಕ್ಕೆ ಏನು ತಟ್ಟಬೇಕೆಂದು ನನಗೆ ತಿಳಿಯಲಿಲ್ಲ.

ಆದ್ದರಿಂದ ಬೇಡಿಕೆ. ಶಾಲೆ ಶುರುವಾಗುವ ಮುನ್ನ ಎಂಟನೇ ತರಗತಿಯ ಆದೇಶವನ್ನೂ ಒಬ್ಬರು ಮೇಷ್ಟ್ರನ್ನೂ ಕಳಿಸಿ. ಬರುವಾಗ ಹಾಲಿನ ಗಾಡಿಯಲ್ಲಿ ಬಂದರೂ ನಮ್ಮ ಅಭ್ಯಂತರವಿಲ್ಲ. ಹೋಗುವಾಗ ಅದೇ ಗಾಡಿಯಲ್ಲಿ ಗೌನುಗಳನ್ನು ಕಳಿಸಿಕೊಡುತ್ತೇವೆ. ತಮ್ಮ ಕಚೇರಿಯಲ್ಲಿ ಬಳಕೆಯಾಗದ ಕೊಠಡಿ ಇದ್ದೇ ಇರುತ್ತದೆ. ಆದೇಶ ಬರದಿದ್ದರೆ ಶಾಲೆ ಶುರುವಾದ ದಿನ ಗೌನುಗಳನ್ನು ಬೇವಿನ ಮರಕ್ಕೆ ನೇತುಹಾಕಿ, ಅವುಗಳ ಜಾಗದಲ್ಲಿ ಮಕ್ಕಳನ್ನು ಕೂರಿಸುತ್ತೇವೆ. ಮೊದಲ ಬೆಂಚು ಚಿನ್ನುವಿನದು. ಪಾಠ ಯಾರು ಮಾಡುತ್ತಾರೆಂದು ಅವತ್ತು ಬಂದು ತಾವೇ ಹೇಳಿ.

ಇನ್ನೊಂದು ಕೆಲಸವಿದೆ. ಅದನ್ನು ಕೆಳಗಿನವರಿಗೆ ವಹಿಸುವಂತಿಲ್ಲ. ಚಲುವರಾಜುವಿನ ಮನೆಗೆ ತಾವೇ ಬರಬೇಕು. ಚಿಕ್ಕಬೋರಮ್ಮನವರ ಎದುರು ನಿಂತು, “ಓದು ಮುಗಿದಿಲ್ಲ ಅಮ್ಮ, ನಾವು ಆತುರಪಟ್ಟೆವು,” ಎಂದು ಹೇಳಿ, ಆ ಫೋಟೊವನ್ನು ತಮ್ಮ ಕೈಯಾರೆ ಇಳಿಸಬೇಕು. ನಾವು ಯಾರು ಹೇಳಿದರೂ ಅವರು ನಂಬುವುದಿಲ್ಲ, ಫೋಟೊದಲ್ಲಿರುವವರು ತಾವು. ಮೊಳೆ ಅಲ್ಲೇ ಇರಲಿ, ಮುಂದೆ ಬೇಕಾಗುತ್ತದೆ. ಸ್ಟೂಲು ನಾನು ಹಿಡಿದುಕೊಳ್ಳುತ್ತೇನೆ.

ಇಂತಿ, ತಮ್ಮ ಗೌನುಗಳಿಗೆ ದಿನವೂ ಬಾಗಿಲು ತೆಗೆದು ಮುಚ್ಚುವ ಕೆಲಸದಲ್ಲಿರುವ,
ಶಿವಶಂಕರ್
ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ; ಓದಿದ್ದು ಹತ್ತನೇ ತರಗತಿ, ಟೋಪಿ ಇಟ್ಟುಕೊಂಡಿಲ್ಲ