ಏರಿಸಿದ ಹಳದಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಿನ್ನ ಕಾಗದ ಬಂತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಆದರೂ ಬೆಳಕು ಅಣ್ಣನ ಕಡೆಗೇ ಹೆಚ್ಚು ಬಿದ್ದಿದೆ. ಅವನು ದೊಡ್ಡವನು, ಒಂದು ಸಲ ಕ್ಷಮಿಸು ಅಂದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೇಳಿದ್ದೀಯ. ಕ್ಷಮೆ ಕೇಳುವುದಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದು. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ.

ನಮ್ಮ ಅಂಗಡಿಯ ವ್ಯಾಪಾರ ನಿನಗೆ ಗೊತ್ತೇ ಇದೆ. ಕೀಬೋರ್ಡಿನ ಗುಂಡಿಗಳ ಮೇಲೆ ಕೂರಿಸುವ ಬಣ್ಣದ ಟೊಪ್ಪಿಗಳು. 'ಗುಂಡಿಗೂ ಒಂದು ಟೊಪ್ಪಿಯೇ' ಎಂದು ನಗುತ್ತಿದ್ದೆಯಲ್ಲ. ಮೊದಲು ನಾನು ಕಂಪ್ಯೂಟರಿನಲ್ಲಿ ಚಿತ್ರ ಮಾಡುತ್ತೇನೆ, ಜನ ಅದನ್ನು ನೋಡಿ ಹಣ ಕಟ್ಟುತ್ತಾರೆ, ಆಮೇಲೆ ಕಾರ್ಖಾನೆಯಲ್ಲಿ ಟೊಪ್ಪಿಗಳು ತಯಾರಾಗುತ್ತವೆ. ಕೊಳ್ಳುವವರ ಕಣ್ಣಿಗೆ ಬೀಳುವುದು ಚಿತ್ರ ಮಾತ್ರ. ಅದಕ್ಕೇ ಬಣ್ಣದ ಮಾದರಿಗೆಂದು ಕಾರ್ಖಾನೆ ಕಳಿಸಿದ ಪ್ಲಾಸ್ಟಿಕ್ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಂಪ್ಯೂಟರ್ ಪರದೆಯ ಬಣ್ಣವೂ ಅದೂ ಒಂದೇ ಅನ್ನಿಸುವವರೆಗೆ ತಿದ್ದುತ್ತೇನೆ.

ಈ ಸಲದ ಸೆಟ್ಟು ನೀಲಿ, ಮೇಲೆ ಹಳದಿ ಅಕ್ಷರ. ಬಿಲ್ಲೆಯ ನೀಲಿ ಮಂಕಾಗಿತ್ತು. ಹಳದಿ, ಬಿಸಿಲಿಗೆ ಬಿಟ್ಟ ಹಳೇ ಕಾಗದದ ಹಾಗಿತ್ತು. ಇದ್ದುದನ್ನು ಇದ್ದಂತೆಯೇ ಮಾಡಿಕೊಟ್ಟೆ. ಅಣ್ಣನಿಗೆ ಸಪ್ಪೆ ಅನ್ನಿಸಿತು. ನಾನು ಮನೆಗೆ ಹೋದ ಮೇಲೆ ತಾನೇ ಕೂತು ಹಳದಿಯನ್ನು ಏರಿಸಿ, ನೀಲಿಯನ್ನು ಕಡುವಾಗಿಸಿ ಅಂಗಡಿಯ ವೆಬ್ ಪುಟಕ್ಕೆ ಹಾಕಿಬಿಟ್ಟ. ಮರುದಿನ ಜಗಳವಾಡಿದೆ. ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ಥರ ಕಾಣುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದ. ಅಷ್ಟರಲ್ಲಿ ಆರ್ಡರುಗಳು ಬರತೊಡಗಿದ್ದವು. ನನ್ನ ಮಾತು ಅವನ ಕಿವಿಗೆ ಇಳಿಯಲಿಲ್ಲ.

ಟೊಪ್ಪಿಗಳು ಕೊಂಡವರ ಕೈಸೇರಿದ ಮೇಲೆ ಗೊತ್ತಾದದ್ದು ಒಬ್ಬ ಅನುವಾದಕಿಗೆ. ನಿನ್ನ ವಯಸ್ಸಿನವರು. ಹೊಸ ಟೊಪ್ಪಿ ಕೂರಿಸಿದ ಕೀಬೋರ್ಡನ್ನೇ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದರು. ಮೇಜಿನ ಮೇಲಿಟ್ಟು, ಮೂಗು ತಾಗುವಷ್ಟು ಬಾಗಿ, ಅಕ್ಷರ ಹುಡುಕುವ ಪಾಡನ್ನು ತೋರಿಸಿದರು. ಅಣ್ಣ ನಗುನಗುತ್ತಲೇ, ನಿಮ್ಮ ಮನೆಯ ಪರದೆ ಸರಿಯಿಲ್ಲ ಮೇಡಂ ಎಂದ.

"ಪರದೆ ಸರಿಯಾಗೇ ಇದೆಯಪ್ಪ. ಕಣ್ಣು ಸರಿಯಿಲ್ಲ. ಅಕ್ಷರ ಇಷ್ಟು ಎದ್ದು ಕಾಣುತ್ತಲ್ಲ ಅಂತ ತಾನೇ ಇದನ್ನ ತಗೊಂಡಿದ್ದು?" ಎಂದರು ಅವರು.

ನೋಟ ಕುಗ್ಗುತ್ತಾ ಬಂದಿದೆಯಂತೆ. ಹಳೇ ಕೀಬೋರ್ಡಿನ ಅಕ್ಷರ ಸವೆದುಹೋಗಿ, ಒಪ್ಪಿಕೊಂಡ ಪುಸ್ತಕ ಅರ್ಧಕ್ಕೇ ನಿಂತಿದೆಯಂತೆ. ಇಷ್ಟು ಕೇಳಿಯೂ ಅಣ್ಣ ಮತ್ತೆ ಪರದೆಯ ಪುರಾಣ ತೆಗೆದ. ಬೇರೆ ಗಿರಾಕಿಗಳೂ ನಿಂತಿದ್ದರು. ನಾನು ಒಳಗಿಂದ ಬಿಲ್ಲೆ ತಂದು ಅವರ ಕೈಗಿತ್ತೆ.

"ನಮಗೆ ಬಂದ ಬಣ್ಣ ಇದೇ ಮೇಡಂ. ಚಿತ್ರದಲ್ಲಿ ಏರಿಸಿದ್ದು ನಾವು. ತಪ್ಪು ಅಂಗಡೀದು, ನಿಮ್ಮ ಕಣ್ಣಿಂದಲ್ಲ."

ಮನೆಯ ಮಾನ ಬೀದಿಗೆ ತಂದಳು ಎಂದು ಅಣ್ಣ ನಿನಗೆ ಹೇಳಿರುವುದು ಇದನ್ನೇ. ಅವರು ಹೋದ ಮೇಲೆ, ಈ ಬಾಯಿ ಇಟ್ಟುಕೊಂಡು ನನ್ನ ಅಂಗಡಿಯಲ್ಲಿರಬೇಡ ಎಂದ. ಬಾಯಿಯನ್ನು ಎಲ್ಲಿ ಬಿಟ್ಟು ಬರಲಿ? ಅದರ ಸಮೇತ ಹೊರಟುಬಂದೆ.

ಆಮೇಲಿನದು ಅವನಿಗೂ ಗೊತ್ತಿಲ್ಲ. ನನ್ನ ಬಿಲ್ಲೆಗಳ ಡಬ್ಬಿ ಹಿಡಿದು, ಆರ್ಡರಿನಲ್ಲಿದ್ದ ವಿಳಾಸ ಹುಡುಕಿಕೊಂಡು ಅನುವಾದಕಿಯ ಮನೆಗೆ ಹೋದೆ. ಪುಸ್ತಕಗಳನ್ನು ಸರಿಸಿ ಒಂದು ಕುರ್ಚಿ ಖಾಲಿ ಮಾಡಿಕೊಟ್ಟರು. ಅವರು ಕೆಲಸ ಮಾಡುವ ದೀಪದ ಕೆಳಗೇ ಬಿಲ್ಲೆಗಳನ್ನು ಹರಡಿದೆವು. ನಾನು ಮೆಚ್ಚಿದ್ದ ಬಣ್ಣಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ, ಕೊನೆಗೆ ಕಪ್ಪಿನ ಮೇಲೆ ಬಿಳಿಯನ್ನು ಹಿಡಿದರು. ಚಂದ ಇಲ್ಲ, ಆದರೆ ಕಾಣುತ್ತೆ ಎಂದರು. ಹಾಗೇ ಮಾಡಿಸಿ, ಒಂದೊಂದೇ ಟೊಪ್ಪಿ ಒತ್ತಿ ಕೂರಿಸಿಕೊಟ್ಟೆ. ಕತ್ತು ಬಗ್ಗಿಸದೆ ಒಂದು ಪುಟ ಮುಗಿಸಿದರು. ಇನ್ನೊಂದು ಶುರು ಮಾಡಿದರು. ನಾನಿರುವುದನ್ನೇ ಮರೆತಿದ್ದರು. ಚಹಾ ನಾನೇ ಮಾಡಿಕೊಂಡು ಕುಡಿದು ಬಂದೆ. ಅಷ್ಟು ರುಚಿಯಾದ ಚಹಾ ಈಚೆಗೆ ಕುಡಿದಿರಲಿಲ್ಲ.

ಈಗ ನನ್ನ ಕೋಣೆಯೇ ನನ್ನ ಅಂಗಡಿ. ಚಿತ್ರದ ಜೊತೆಗೆ ಬಿಲ್ಲೆಯ ಫೋಟೋ ಹಾಕುತ್ತೇನೆ; ಕೇಳಿದವರಿಗೆ ಬಿಲ್ಲೆಯನ್ನೇ ಕಳಿಸುತ್ತೇನೆ. ಕೊಳ್ಳುವವರು ಕಡಿಮೆ. ಇರಲಿ. ಕನ್ನಡಿಯೊಳಗಿನ ಗಂಟು ತೋರಿಸಿ ವ್ಯಾಪಾರ ಮಾಡುವುದು ನನ್ನಿಂದಾಗದು.

ತಗ್ಗಿ ಬಗ್ಗಿ ನಡೆ ಎಂದಿದ್ದೀಯ. ಕೆಲಸದ ಮೇಜಿಗೆ ದಿನವಿಡೀ ಬಗ್ಗಿಯೇ ಇರುತ್ತೇನೆ, ಅಷ್ಟು ಸಾಕು. ಹಾಗೆಂದು ಅಣ್ಣನ ಮೇಲೆ ನೀನು ಮುಖ ಊದಿಸಿಕೊಳ್ಳಬೇಡ. ಫೋನ್ ಮಾಡಿದಾಗ ಊಟ ಆಯಿತಾ ಎಂದು ಕೇಳು.

ನೀನೇ ಹೆಸರಿಟ್ಟು ಕರೆದ,
ನಿನ್ನ ಮೊಂಡಿ

ಇನ್ನೊಂದು ಮಾತು: ನಿನ್ನೆ ಸಂಜೆ ಅಣ್ಣ ಬಂದಿದ್ದ. ಅಮ್ಮನಿಗೆ ಹೇಳಬೇಡ ಎಂದಿದ್ದಾನೆ. ಬಾಗಿಲಲ್ಲೇ ನಿಂತು, ಮುಂದಿನ ಸೆಟ್ಟಿನ ಚಿತ್ರ ನೀನೇ ಮಾಡಿಕೊಡು, ನಾನು ಕೈ ಹಾಕಲ್ಲ ಎಂದ. ಮೊದಲು ಆ ಸುಳ್ಳು ಚಿತ್ರವನ್ನು ಪುಟದಿಂದ ತೆಗೆ, ಕೊಂಡವರಿಗೆಲ್ಲ ನಿಜ ಹೇಳು, ಆಮೇಲೆ ನೋಡೋಣ ಎಂದೆ. ಮೆಟ್ಟಿಲಿಳಿದು ಹೋದ. ಬೀದಿಯಲ್ಲಿ ಸ್ಕೂಟರ್ ಮೇಲೆ ಕೂತವನು ಬಹಳ ಹೊತ್ತು ಹೊರಡಲಿಲ್ಲ. ನಾನೂ ಕಿಟಕಿ ಬಿಟ್ಟು ಕದಲಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಚಿತ್ರವನ್ನು ಪುಟದಿಂದ ತೆಗೆದುಹಾಕಿದ್ದಾನೆ. ಕೊಂಡವರಿಗೆ ಇನ್ನೂ ಹೇಳಿಲ್ಲ. ಹೇಳುವವರೆಗೂ ಕಾಯುತ್ತೇನೆ, ಆದರೆ ಇಲ್ಲಿಂದಲೇ.