ದಡ ನೇರವಾಗಿತ್ತು

ಫ್ಲಿನ್ ಫ್ಲಾನ್, ಮ್ಯಾನಿಟೋಬ
ಗುರುವಾರ, 5 ಸೆಪ್ಟೆಂಬರ್ 1957

ಪ್ರೀತಿಯ ಎಗಿಲ್,

ನಿನ್ನೆ ಸಂಜೆಯಿಂದ ಜೋಡಿಬಂಡೆ ಕ್ಯಾಂಪಿನ ರೇಡಿಯೊದಿಂದ ಒಂದು ಮಾತೂ ಬಂದಿಲ್ಲ. ಹೇಳಿದವಳು ಬ್ರೋಡಿಯ ವಿಮಾನ ಕಚೇರಿಯಲ್ಲಿ ರೇಡಿಯೊ ಮುಂದೆ ಕೂರುವ ಎಡ್ನಾ. ನಿಮ್ಮ ಕ್ಯಾಂಪು ಮಾತ್ರವಲ್ಲ, ಮೇಲಿನ ಯಾವ ಸರೋವರದಿಂದಲೂ ದನಿ ಬರುತ್ತಿಲ್ಲವಂತೆ. ನಿನ್ನೆ ರಾತ್ರಿ ಆಕಾಶದಲ್ಲಿ ಹಸಿರು, ಕೆಂಪು ಬೆಳಕು ಆಡಿದ್ದನ್ನು ನೀನೂ ನೋಡಿರುತ್ತೀಯ. ಅದು ಆಡಿದಾಗಲೆಲ್ಲ ರೇಡಿಯೊದಲ್ಲಿ ಕಾದ ಬಾಣಲೆಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಇವತ್ತೂ ಹಾಗೇ ಇರುತ್ತದೆ ಎನ್ನುತ್ತಾಳೆ ಎಡ್ನಾ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ಸುದ್ದಿ ಇಷ್ಟು. ನಾಳೆ ಮಧ್ಯಾಹ್ನ ಲೋರ್ನ್ ನಿಮ್ಮನ್ನು ಕ್ಯಾಂಪಿನಿಂದ ಊರಿಗೆ ಕರೆತರುವ ಬ್ರೋಡಿಯ ಹಳದಿ ವಿಮಾನವನ್ನು ನೀನು ಹತ್ತಬೇಡ. ಅದನ್ನು ನೀರಿನ ಮೇಲೆ ತೇಲಿಸುವ ಎರಡು ಫ್ಲೋಟುಗಳಲ್ಲಿ ಎಡದ್ದರೊಳಗೆ ನೀರು ಇಳಿಯುತ್ತಿದೆ. ಮೀನು ಹಿಡಿಯಲು ಬಂದ ಅತಿಥಿಗಳನ್ನೂ ಹತ್ತಿಸಬೇಡ. ಲೋರ್ನ್ ಒಬ್ಬನೇ ಹೋಗುತ್ತೇನೆಂದರೂ ಬಿಡಬೇಡ.

ನಿನಗೆ ನಗು ಬರುತ್ತಿರಬಹುದು. ಮದುವೆಯಾದಾಗಿನಿಂದ ವಿಮಾನಗಳ ಚಿತ್ರ ತೊಳೆದು ಹೊಟ್ಟೆ ಹೊರೆಯುವವಳು, ಒಂದು ಸಲವೂ ವಿಮಾನ ಹತ್ತದವಳು, ಈಗ ಫ್ಲೋಟಿನ ಬಗ್ಗೆ ಹೇಳಲು ಬಂದಿದ್ದಾಳೆ ಎಂದು. ವಿಮಾನ ಕಟ್ಟುವ ಜೆಟ್ಟಿಯ ಹಲಗೆಯ ಮೇಲೆ ನಿಂತರೇ ನನ್ನ ಮೊಣಕಾಲು ನಡುಗುವುದನ್ನು ನೀನು ಊರಿಗೆಲ್ಲ ಹೇಳಿ ನಗಿಸಿದ್ದೀಯ. ನಗು, ಪರವಾಗಿಲ್ಲ. ನಕ್ಕ ಮೇಲೆ ಮುಂದಿನದನ್ನು ಓದು.

ಬ್ರೋಡಿಯ ಕ್ಯಾಲೆಂಡರಿಗೆ ನೀನು ಜುಲೈನಿಂದ ಕಳಿಸುತ್ತಿರುವ ಚಿತ್ರಗಳಲ್ಲಿ ಒಂದು ದೋಷವಿತ್ತು. ನಿನಗೆ ನಾನು ಅದನ್ನು ಹೇಳಿರಲಿಲ್ಲ. ವಿಮಾನ ವಾಲಿಕೊಂಡು ಬರುತ್ತಿತ್ತು. ಮೊದಮೊದಲು ಕೂದಲೆಳೆಯಷ್ಟು. ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿನ ಕೆಳಗೆ ಕಾಗದದ ಚೌಕಟ್ಟನ್ನು ತುಸು ತಿರುಗಿಸಿದರೆ ರೆಕ್ಕೆ ನೇರವಾಗುತ್ತಿತ್ತು. ಬ್ರೋಡಿಗೆ ಬೇಕಾದದ್ದು ವಿಮಾನ ಮಾತ್ರ. ಸುತ್ತಲಿನ ನೀರು, ದಡ, ಮರ ಎಲ್ಲವನ್ನೂ ಕತ್ತರಿಸಿ ಬಿಸಾಡು ಎಂದು ಅವನೇ ಹೇಳಿದ್ದ. ನಾನು ತಿರುಗಿಸಿದೆ, ಕತ್ತರಿಸಿದೆ, ಕಳಿಸಿದೆ. ಆಗಸ್ಟಿನಲ್ಲಿ ಚೌಕಟ್ಟನ್ನು ಇನ್ನಷ್ಟು ತಿರುಗಿಸಬೇಕಾಯಿತು. ಕಳೆದ ವಾರ ಇನ್ನೂ ಹೆಚ್ಚು.

ಕೈ ನಡುಗುವವನು ಹಿಡಿದ ಕ್ಯಾಮೆರಾ ಹೀಗಾಗುತ್ತದೆ ಎಂದುಕೊಂಡೆ. ಯಾಕೆ ನಡುಗುತ್ತಿದೆ ಎಂದು ಯೋಚಿಸಿದಾಗ ಹೊಳೆದದ್ದು ಒಂದೇ ಕಾರಣ. ನೀನು ಮತ್ತೆ ಕುಡಿಯಲು ಶುರುಮಾಡಿದ್ದೀಯ ಎಂದು ತಿಳಿದೆ, ಎಗಿಲ್. ಕ್ಯಾಂಪಿನಲ್ಲಿ ಬಾಟಲಿ ಸಿಗದವರು ಅಡುಗೆಮನೆಯ ಮದ್ಯಸಾರ ಬೆರೆತ ವೆನಿಲಾ ಸಾರ ಕುಡಿಯುತ್ತಾರೆ ಎಂದು ನೀನೇ ಹೇಳಿದ್ದೆಯಲ್ಲ, ಅದೂ ನೆನಪಾಯಿತು. ಮಂಗಳವಾರ ಲೋರ್ನ್ ನಿನ್ನ ಫಿಲ್ಮ್ ಪೆಟ್ಟಿಗೆ ತಂದುಕೊಟ್ಟಾಗ ನಾನು ಅದನ್ನು ಬಿಚ್ಚಲಿಲ್ಲ. ಮುನಿಸಿನಿಂದ ಕಪಾಟಿನ ಮೇಲೆ ಇಟ್ಟೆ. ಅವನ ಕೈಯಲ್ಲಿ ನಿನಗೆ ಕಳಿಸಿದ ಚೀಟಿಯಲ್ಲಿ ಎರಡೇ ಸಾಲು ಯಾಕಿತ್ತು ಎಂದು ನೀನು ತಲೆ ಕೆಡಿಸಿಕೊಂಡಿದ್ದರೆ, ಕಾರಣ ಇದು.

ಇನ್ನೊಂದು ಸಂಗತಿಯನ್ನು ಆ ದಿನ ಕಂಡೂ ಗಮನಿಸಲಿಲ್ಲ. ಲೋರ್ನ್ ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಏನಾಯ್ತೋ ಎಂದು ಕೇಳಿದೆ. "ದೋಣಿ ಹುಟ್ಟು ಹಾಕಿ ಹಾಕಿ ಗುಳ್ಳೆ ಎದ್ದಿದೆ ಅಕ್ಕಾ, ಆ ಅಮೆರಿಕದ ದೊರೆಗಳು ಕೂತಲ್ಲಿಂದ ಏಳಲ್ಲ" ಎಂದು ನಕ್ಕ. ಕಣ್ಣು ಮಾತ್ರ ನಗಲಿಲ್ಲ. ಕ್ಯಾಂಪಿನ ದೋಣಿಗಳಿಗೆಲ್ಲ ಮೋಟಾರು ಇದೆ ಎಂಬುದು ನನಗೆ ನೆನಪಾದದ್ದು ಇವತ್ತು. ಆ ಗುಳ್ಳೆ ಹುಟ್ಟಿನದಲ್ಲ, ಫ್ಲೋಟಿನ ನೀರು ಹೊರಹಾಕುವ ಪಂಪಿನ ಹಿಡಿಯದು.

ಪೆಟ್ಟಿಗೆ ಬಿಚ್ಚಿದ್ದು ಇವತ್ತು ಬೆಳಿಗ್ಗೆ. ಮಿನ್ನಿಯಾಪೊಲಿಸ್ಸಿನ ಆ ಹಲ್ಲಿನ ಡಾಕ್ಟರು ಟ್ರೌಟ್ ಮೀನನ್ನು ಕ್ಯಾಮೆರಾದತ್ತ ಚಾಚಿ ಹಿಡಿದ ಚಿತ್ರವಿತ್ತು. ಮೀನು ಕರುವಿನಷ್ಟು ಕಾಣಲಿ ಎಂದು ನೀನು ಎಲ್ಲರಿಗೂ ಹೇಳಿಕೊಡುವ ಭಂಗಿಯೇ. ಡಾಕ್ಟರಿಗೆ ಇಡೀ ಸರೋವರ ಬೇಕಂತೆ, ಏನನ್ನೂ ಕತ್ತರಿಸಬೇಡ ಎಂದು ನೀನು ಬರೆದಿದ್ದೆ. ಹಿನ್ನೆಲೆಯಲ್ಲಿ ಜೆಟ್ಟಿಗೆ ಕಟ್ಟಿದ ಹಳದಿ ವಿಮಾನ. ಅಭ್ಯಾಸಬಲದಿಂದ ಮೊದಲು ರೆಕ್ಕೆಯನ್ನು ನೇರ ಮಾಡಿದೆ. ಡಾಕ್ಟರು ಮೀನಿನ ಸಮೇತ ಬಲಕ್ಕೆ ಬೀಳುವಂತೆ ಕಂಡರು. ಸರೋವರದ ನೀರು ಚೆಲ್ಲಿ ಹೋಗುವಂತಿತ್ತು. ಹಾಗೆ ಕಳಿಸಿದರೆ ಡಾಕ್ಟರು ಹಣ ಕೊಡುವುದಿಲ್ಲ. ಚೌಕಟ್ಟನ್ನು ಮತ್ತೆ ತಿರುಗಿಸಿ ಡಾಕ್ಟರನ್ನು ನೇರ ನಿಲ್ಲಿಸಿದೆ.

ಆಗ ಎಲ್ಲವೂ ನೇರವಾಯಿತು. ಆಚೆ ದಡ ನೇರವಾಯಿತು. ಸ್ಪ್ರೂಸ್ ಮರಗಳು ನೆಟ್ಟಗೆ ನಿಂತವು. ಅಡುಗೆಮನೆಯ ಹೊಗೆ ನೇರ ಮೇಲೇರುತ್ತಿತ್ತು. ವಾಲಿದ್ದು ವಿಮಾನವೊಂದೇ.

ಕಾಗದ ಡೆವಲಪರ್ ದ್ರಾವಣದಲ್ಲೇ ಕಪ್ಪಾಗುವವರೆಗೂ ನಾನು ಹಾಗೇ ನಿಂತಿದ್ದೆ. ಆಮೇಲೆ ಜುಲೈನಿಂದ ಎಲ್ಲ ನೆಗೆಟಿವ್‌ಗಳನ್ನೂ ತೆಗೆದು, ಏನನ್ನೂ ಕತ್ತರಿಸದೆ, ಏನನ್ನೂ ತಿರುಗಿಸದೆ ಒಂದೊಂದು ಪ್ರತಿ ಮಾಡಿದೆ. ಪ್ರತಿಯೊಂದರಲ್ಲೂ ದಡ ನೇರವಾಗಿದೆ. ನಿನ್ನ ಕೈ ಒಂದು ಸಲವೂ ನಡುಗಿಲ್ಲ. ವಿಮಾನದ ಎಡ ಫ್ಲೋಟಿನ ಹಿಂಭಾಗ ಮಾತ್ರ ಒಂದೊಂದು ಚಿತ್ರಕ್ಕೂ ಇನ್ನಷ್ಟು ಮುಳುಗುತ್ತಾ ಬಂದಿದೆ. ಬೇಸಿಗೆಯಿಡೀ ಅದು ಮುಳುಗುತ್ತಿತ್ತು, ನಾನು ಅದನ್ನು ಎತ್ತಿ ನಿಲ್ಲಿಸಿ ಕ್ಯಾಲೆಂಡರಿಗೆ ಕಳಿಸುತ್ತಿದ್ದೆ.

ಒದ್ದೆ ಚಿತ್ರ ಹಿಡಿದುಕೊಂಡೇ ಬ್ರೋಡಿಯ ಕಚೇರಿಗೆ ಹೋದೆ. ಅವನು ಮೇಜಿನ ಮೇಲೆ ಕಾಲು ಚಾಚಿ ಡಬ್ಬಿಯ ಮೀನು ತಿನ್ನುತ್ತಿದ್ದ. ಚಿತ್ರ ನೋಡಿದ, ನನ್ನನ್ನು ನೋಡಿದ, ಬೆರಳು ನೆಕ್ಕಿಕೊಂಡ.

"ಏನಮ್ಮಾ ಪವ್ಲೀನಾ, ನಿನ್ನ ಗಂಡ ಮತ್ತೆ ಬಾಟ್ಲಿ ಹಿಡ್ದ ಹಾಗಿದೆ. ಕ್ಯಾಮೆರಾ ನೆಟ್ಟಗೆ ಹಿಡಿಯೋಕೆ ಬರಲ್ವಾ ಅವ್ನಿಗೆ?"

ನಾನು ಬೆಳಿಗ್ಗೆಯವರೆಗೆ ಅಂದುಕೊಂಡಿದ್ದೇ ಅವನ ಬಾಯಿಂದ ಬಂತು. ಕೇಳಿ ಮೈಯೆಲ್ಲ ಉರಿಯಿತು.

"ಅವ್ನು ಕುಡಿದಿದ್ರೆ ದಡಾನೂ ವಾಲ್ಬೇಕಿತ್ತು ಬ್ರೋಡಿ. ಮರ ನೋಡು. ಹೊಗೆ ನೋಡು. ಅವೂ ಕುಡಿದಿದ್ವಾ?"

ಅವನು ಕಾಲು ಕೆಳಗಿಳಿಸಿದ. "ಫ್ಲೋಟ್ ಅಂದ್ರೂ ಒಂದು ತಗಡಿನ ದೋಣಿನೇ ಅಲ್ವಾ? ದೋಣಿ ಅಂದ್ಮೇಲೆ ಒಂದಿಷ್ಟು ನೀರು ಬರುತ್ತೆ. ಬೆಳಿಗ್ಗೆ ಪಂಪ್ ಹೊಡ್ದು ಖಾಲಿ ಮಾಡಿ ಹಾರು ಅಂತ ಲೋರ್ನ್‌ಗೆ ಹೇಳಿದ್ದೀನಿ. ಇನ್ನೇನು, ಸೀಸನ್ ಮುಗೀತು. ಈ ತಿಂಗಳು ದಾಟಿದ್ರೆ ಫ್ಲೋಟ್ ಬಿಚ್ಚಿ ಹಿಮದ ಮೇಲೆ ಜಾರೋ ಸ್ಕೀ ಹಾಕ್ತೀವಿ. ಸುಮ್ನೆ ಊರು ತುಂಬಾ ಹೇಳ್ಕೊಂಡು ತಿರುಗಬೇಡ."

ಮೂಲೆಯಲ್ಲಿದ್ದ ಎಡ್ನಾ ಹೆಡ್‌ಫೋನ್ ತೆಗೆದಳು. "ಅಂದ್ರೆ ನಿಮ್ಗೆ ಮೊದ್ಲೇ ಗೊತ್ತಿತ್ತು."

"ಗೊತ್ತಿರೋದು ಬೇರೆ, ತಲೆ ಕೆಡಿಸ್ಕೊಳ್ಳೋದು ಬೇರೆ. ನೀನು ನಿನ್ನ ರೇಡಿಯೊ ನೋಡು."

ಇನ್ನೊಂದು ವಿಮಾನ ಕಳಿಸು ಎಂದೆ. ಅದರ ಎಂಜಿನ್ ಬಿಚ್ಚಿ ಶೆಡ್ಡಿನಲ್ಲಿ ಹರಡಿದ್ದಾರಂತೆ. ಸಂಜೆ ರೇಡಿಯೊ ಸರಿಯಾದರೆ ಲೋರ್ನ್‌ಗೆ ಹೇಳುತ್ತೇನೆ ಎಂದ. ಏನಂತ ಹೇಳುತ್ತೀಯ ಎಂದು ಕೇಳಿದೆ. "ಹುಷಾರಾಗಿ ಪಂಪ್ ಹೊಡಿ ಅಂತ" ಎಂದ. ಅವನ ಮುಖದಲ್ಲೂ ಹೆದರಿಕೆ ಇತ್ತು, ಎಗಿಲ್. ನನ್ನ ಹೆದರಿಕೆಯನ್ನು ಹೆಚ್ಚು ಮಾಡಿದ್ದು ಅದೇ. ಹೆದರಿಕೆಯಿದ್ದೂ ಅವನು ಡಬ್ಬಿಯಲ್ಲಿ ಉಳಿದ ಮೀನನ್ನು ತಿಂದು ಮುಗಿಸಿದ.

ಹೊರಗೆ ಜೆಟ್ಟಿಯಲ್ಲಿ ವಿಕ್ಟರ್ ಶೆನಿಯೆ ತನ್ನ ಹಳೆಯ ವಿಮಾನಕ್ಕೆ ಖಾಲಿ ಮೀನು ಪೆಟ್ಟಿಗೆ ಏರಿಸುತ್ತಿದ್ದ. ಬಲೆ ಹಾಕುವವರ ಕ್ಯಾಂಪುಗಳಿಂದ ಮೀನು ಹೊತ್ತು ತರುವ ಆ ನರೆಗಡ್ಡದವನು, ನಿನಗೆ ಗೊತ್ತಲ್ಲ. ಅವನಿಗೆ ಚಿತ್ರಗಳನ್ನು ತೋರಿಸಿದೆ. ಕೈ ಒರೆಸಿಕೊಂಡು ಒಂದೊಂದನ್ನೂ ಬಹಳ ಹೊತ್ತು ನೋಡಿದ. ಜೋಕು ಮಾಡದೆ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಇವತ್ತೇ.

"ತಂಗೀ, ಖಾಲಿ ವಿಮಾನ ಆದ್ರೆ ಹೆಂಗೋ ಏಳುತ್ತೆ. ನಾಳೆ ಅದ್ರಲ್ಲಿ ಜನ ಇರ್ತಾರೆ, ಸಾಮಾನು ಇರುತ್ತೆ. ಪಂಪ್ ಹೊಡ್ದು ಲೋಡ್ ಮಾಡೋಷ್ಟರಲ್ಲಿ ನೀರು ಮತ್ತೆ ಬಂದಿರುತ್ತೆ. ಮೂಗು ಎತ್ತಿದ ಕೂಡ್ಲೇ ಆ ನೀರೆಲ್ಲ ಹಿಂದಕ್ಕೆ ಓಡುತ್ತೆ, ಬಾಲ ಹಿಡ್ದು ಎಳ್ದಂಗೆ ಆಗುತ್ತೆ. ದೊಡ್ಡ ಸರೋವರ ಆದ್ರೆ ಮತ್ತೆ ಇಳಿಸ್ಬಹುದು. ಅಲ್ಲಿ ಜಾಗ ಎಲ್ಲಿದೆ?"

ಸರೋವರದ ತುದಿಯಲ್ಲಿ ಏನಿದೆ ಎಂದು ನಿನ್ನ ಚಿತ್ರಗಳಲ್ಲೇ ನೋಡಿದ್ದೇನೆ. ಆ ಎರಡು ಬಂಡೆಗಳಿಂದಲೇ ಅದಕ್ಕೆ ಆ ಹೆಸರು.

ಮನೆಗೆ ಬಂದ ಮೇಲೆ ಇನ್ನೊಂದು ಹೊಳೆಯಿತು. ಹಾರುವಾಗ ಚಿತ್ರ ತೆಗೆಯಲು ನೀನು ಯಾವಾಗಲೂ ಎಡಗಡೆ ಬಾಗಿಲ ಪಕ್ಕವೇ ಕೂರುತ್ತೀಯ. ಕ್ಯಾಮೆರಾ ಪೆಟ್ಟಿಗೆಗಳನ್ನೂ ಕಾಲ ಬುಡದಲ್ಲೇ ಇಟ್ಟುಕೊಳ್ಳುತ್ತೀಯ. ಆ ಭಾರವೆಲ್ಲ ಎಡ ಫ್ಲೋಟಿನ ಮೇಲೇ. ಒಲೆಯ ಮೇಲಿದ್ದ ಎಲೆಕೋಸು ತಳ ಹಿಡಿದದ್ದು ವಾಸನೆ ಬಂದ ಮೇಲೇ ಗೊತ್ತಾಯಿತು. ಮೇಲೆ ಎಲ್ಲಾದರೂ ಎಂಜಿನ್ನಿನ ಸದ್ದು ಕೇಳಿದರೆ ಕೈಯಲ್ಲಿದ್ದ ಪೆನ್ನು ನಿಲ್ಲುತ್ತದೆ. ನೀವು ಒಂದು ದಿನ ಮೊದಲೇ ಹೊರಟುಬಿಟ್ಟಿದ್ದರೆ ಎಂಬ ಯೋಚನೆ ಬರುತ್ತದೆ. ಆಗ ಕಿಟಕಿಗೆ ಹೋಗಿ ನೋಡುತ್ತೇನೆ. ಹಳದಿಯದಲ್ಲ. ಹಳದಿಯದಾಗಿದ್ದರೆ ನೀವು ಬಂದುಬಿಟ್ಟಿರಿ ಎಂಬ ಆಸೆ, ಅದು ಇನ್ನೂ ನೀರಿಗೆ ಇಳಿಯಬೇಕಲ್ಲ ಎಂಬ ಭಯ. ಎರಡೂ ಒಟ್ಟಿಗೆ ಬರುತ್ತವೆ.

ವಿಕ್ಟರ್ ನಾಳೆ ಬೆಳಿಗ್ಗೆ ನಿಮಗಿಂತ ಆಚೆಯ ಬಲೆ ಕ್ಯಾಂಪಿಗೆ ಹೋಗುತ್ತಾನೆ. ದಾರಿಯಲ್ಲಿ ಜೋಡಿಬಂಡೆಗೆ ಇಳಿಯಲು ಒಪ್ಪಿದ್ದಾನೆ. ಮಂಜು ಬೇಗ ಕರಗಿದರೆ ನಿಮ್ಮ ಬೆಳಗಿನ ತಿಂಡಿಯ ಹೊತ್ತಿಗೆ ಅಲ್ಲಿರುತ್ತಾನೆ. ಮಂಜು ಕೂತರೆ ತಡವಾಗುತ್ತದೆ. ಆಗ ಲೋರ್ನ್ ಅತಿಥಿಗಳ ಅವಸರಕ್ಕೆ ಮೊದಲೇ ಹೊರಟುಬಿಡುವ ಸಂಭವವೂ ಇದೆ.

ನೀನೇ ಲೋರ್ನ್‌ಗೆ ಹೇಳಿಬಿಡು ಎಂದೆ ವಿಕ್ಟರ್‌ಗೆ. ಒಲ್ಲೆ ಎಂದ. "ನಾನು ಹೇಳಿದ್ರೆ ಬ್ರೋಡಿಯ ಗಿರಾಕಿಗಳನ್ನ ಕಸಿಯೋಕೆ ಬಂದ ಮುದುಕ ಅಂತಾನೆ ಆ ಹುಡ್ಗ. ನಿನ್ನ ಚಿತ್ರ ನೋಡಿದ್ರೆ ಮಾತ್ರ ಬಾಯಿ ಮುಚ್ತಾನೆ. ಕಾಗ್ದ ಕೊಡು, ತಲುಪಿಸ್ತೀನಿ. ಆದ್ರೆ ನಿನ್ನ ಗಂಡನ್ನ ನಾನು ಬಲ್ಲೆ. ಕಾಗ್ದಾನ ಜೇಬಿಗೆ ತುರುಕಿ ಮೊದ್ಲು ಬೆಳಕು ಹೆಂಗಿದೆ ನೋಡ್ತಾನೆ."

ಜೇಬಿಗೆ ತುರುಕಬೇಡ, ಎಗಿಲ್. ಚಿತ್ರಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ, ತಿಂಗಳ ಪ್ರಕಾರ ಜೋಡಿಸಿದ್ದೇನೆ. ಲೋರ್ನ್‌ಗೆ ಬೈಯಬೇಡ. ಅವನ ಅಂಗೈ ನೋಡು. ಅವನು ದಿನವೂ ಒಬ್ಬನೇ ಆ ನೀರನ್ನು ಹೊರಹಾಕಿ, ಯಾರಿಗೂ ಹೇಳಲಾಗದೆ ಹಾರುತ್ತಿದ್ದಾನೆ. ನೀನು ಹೇಳಿದರೆ ಅವನಿಗೆ ಸಮಾಧಾನವೇ ಆದೀತು. ಡಾಕ್ಟರಿಗೆ ಹೇಳು, ಅವರ ಮೀನು ಮಂಜುಗಡ್ಡೆಯ ಕೋಣೆಯಲ್ಲಿ ಇನ್ನೊಂದೆರಡು ದಿನ ಕೆಡುವುದಿಲ್ಲ. ವಿಕ್ಟರ್ ಶನಿವಾರ ವಾಪಸು ಬರುವಾಗ ನಿಮ್ಮನ್ನು ಒಂದೆರಡು ಸುತ್ತಿನಲ್ಲಿ ಕರೆತರುತ್ತಾನೆ. ಮೀನಿನ ವಾಸನೆ ಇರುತ್ತದೆ, ಸಹಿಸಿಕೊಳ್ಳಿ.

ಮಂಗಳವಾರದ ಚೀಟಿಯನ್ನು ಒಲೆಗೆ ಹಾಕು.

ನಿನ್ನ
ಪವ್ಲೀನಾ

ತಾ.ಕ. ಎಡ್ನಾ ಈಗ ಬಂದು ಹೋದಳು. ಸಂಜೆಯ ಕರೆಗೂ ಯಾವ ಕ್ಯಾಂಪಿನಿಂದಲೂ ದನಿ ಬಂದಿಲ್ಲ. ವಿಕ್ಟರ್‌ನ ವಿಮಾನದಲ್ಲಿ ಅವನ ಪಕ್ಕದ ಸೀಟು ಖಾಲಿ ಇದೆ. ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತಿರುವವಳು ನಾನೇ. ಅಲ್ಲಿಗೆ ಮುಟ್ಟುವ ಹೊತ್ತಿಗೆ ನನ್ನ ಬಾಯಿಂದ ಮಾತು ಹೊರಡುತ್ತದೆಂಬ ಧೈರ್ಯವಿಲ್ಲ, ಅದಕ್ಕೇ ಕಾಗದವನ್ನೂ ತರುತ್ತಿದ್ದೇನೆ. ಓದುವವರೆಗೂ ಎದುರಿಗೇ ನಿಂತಿರುತ್ತೇನೆ. ಮಂಜು ಇಲ್ಲದಿದ್ದರೆ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ.